ರಿದಮ್ ಗಿಟಾರಿನ ಅಣ್ಣ

ನಮ್ಮ ಬೀದಿಯ ಗಣಪತಿ ಆರ್ಕೆಸ್ಟ್ರಾದಲ್ಲಿ ಮೊದಲು ಹಾಡುತ್ತಿದ್ದವನು ನಾನು. ತಮ್ಮನಿಗೆ ಮೀಸೆ ಚಿಗುರಿತು, ದನಿ ಒಡೆಯಿತು. ಆ ಒಡಕಿನಲ್ಲೇ ಏನೋ ಸೊಗಸಿತ್ತು. ಮೈಕು ಅವನ ಕಡೆ ಹೋಯಿತು, ನನ್ನ ಪಾಲಿಗೆ ರಿದಮ್ ಗಿಟಾರು. ರಿದಮ್ ನುಡಿಸುವವನು ಇದ್ದಾನೆಂಬುದು ಅವನು ಕೈ ನಿಲ್ಲಿಸಿದಾಗ ಮಾತ್ರ ಜನಕ್ಕೆ ಗೊತ್ತಾಗುತ್ತದೆ.

ಹಾಗಾಗಿಯೇ ಏನೋ, ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್ ಎಂಬ ಅಮೆರಿಕದ ರಾಕ್ ತಂಡವನ್ನು ಕೇಳುವಾಗ ಲೋಕವೆಲ್ಲ ಜಾನ್ ಫಾಗರ್ಟಿಯನ್ನು ಹೊಗಳಿದರೂ ನನ್ನ ಕಿವಿ ಅವನ ಅಣ್ಣ ಟಾಮ್‌ನನ್ನು ಹುಡುಕುತ್ತದೆ. 1959ರಲ್ಲಿ ಕ್ಯಾಲಿಫೋರ್ನಿಯಾದ ಎಲ್ ಸೆರಿಟೊದಲ್ಲಿ ಜಾನ್, ಡಗ್ ಕ್ಲಿಫರ್ಡ್, ಸ್ಟು ಕುಕ್ ಎಂಬ ಶಾಲಾ ಗೆಳೆಯರು 'ಬ್ಲೂ ವೆಲ್ವೆಟ್ಸ್' ಕಟ್ಟಿದರು. ಟಾಮ್ ಅವರಿಗಿಂತ ಹಿರಿಯ, ಆಗಲೇ ಹಾಡುಗಾರ. ರೆಕಾರ್ಡಿನ ಮೇಲೆ ಮೊದಲು ಅವನ ಹೆಸರು, ಆಮೇಲೆ ಹುಡುಗರ ತಂಡದ್ದು. 1964ರಲ್ಲಿ ಫ್ಯಾಂಟಸಿ ಎಂಬ ಕಂಪನಿ ಇವರನ್ನು ಸೇರಿಸಿಕೊಂಡು 'ಗಾಲಿವಾಗ್ಸ್' ಎಂದು ಹೆಸರಿಟ್ಟಿತು. ಕೆಟ್ಟ ಹೆಸರು, ಹಾಡುಗಳೂ ಅಷ್ಟಕ್ಕಷ್ಟೇ. ಆದರೆ ಅಷ್ಟರೊಳಗೆ ಜಾನ್‌ಗೆ ತಗಡು ಹರಿದಂಥ ಆ ದನಿ ಸಿಕ್ಕಿತ್ತು. ಟಾಮ್ ಮೈಕು ಬಿಟ್ಟುಕೊಟ್ಟು ರಿದಮ್ ಹಿಡಿದ.

ಕ್ರೀಡೆನ್ಸ್ ಎಂಬ ಹೊಸ ಹೆಸರಿನಲ್ಲಿ ಮೊದಲ ಆಲ್ಬಮ್ ಬಂದದ್ದು 1968ರಲ್ಲಿ. 1969 ಒಂದೇ ವರ್ಷದಲ್ಲಿ ಮೂರು! ಲೂಸಿಯಾನದ ಜೌಗು ನೆಲದಲ್ಲೇ ಹುಟ್ಟಿ ಬೆಳೆದವನ ಹಾಗೆ ಜಾನ್ ಹಾಡಿದ. ಹುಡುಗ ಬೆಳೆದದ್ದು ಸಾನ್ ಫ್ರಾನ್ಸಿಸ್ಕೊ ಕೊಲ್ಲಿಯ ದಂಡೆಯಲ್ಲಿ. 'ಪ್ರೌಡ್ ಮೇರಿ' ಸೇರಿ ಐದು ರೆಕಾರ್ಡುಗಳು ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಎರಡನೇ ಸ್ಥಾನದವರೆಗೆ ಏರಿದವು, ಒಂದೂ ಮೊದಲನೆಯದಾಗಲಿಲ್ಲ. ಬರೆಯುವುದು, ಹಾಡುವುದು, ಧ್ವನಿಮುದ್ರಣದ ಉಸ್ತುವಾರಿ, ವ್ಯವಹಾರ, ಎಲ್ಲವೂ ಜಾನ್‌ನದೇ. ಉಳಿದವರಿಗೆ ಉಸಿರುಗಟ್ಟಿತು. ತಂಡದೊಳಗಿನ ಈ ಬೇಗುದಿಯಿಂದಲೇ ಹುಟ್ಟಿದ್ದು ಬಿಸಿಲಲ್ಲಿ ಸುರಿವ ಮಳೆಯ ಹಾಡು, 'ಹ್ಯಾವ್ ಯು ಎವರ್ ಸೀನ್ ದ ರೇನ್'. ಬಿಸಿಲು ಮಳೆ ಬಂದರೆ ನಮ್ಮಲ್ಲಿ ಕಾಗೆಗೂ ನರಿಗೂ ಮದುವೆ. ಅಲ್ಲಿ ನಡೆದದ್ದು ವಿಚ್ಛೇದನ. 1971ರಲ್ಲಿ ಟಾಮ್ ಹೊರಟ. ಮರುವರ್ಷ ತಂಡವೇ ಇಲ್ಲ.

ಇದನ್ನೆಲ್ಲ ತಮ್ಮನಿಗೆ ಹೇಳಿದರೆ, "ಅಲ್ಲ ಕಣೋ ಅಣ್ಣ, ಬರೆಯೋನೂ ಅವನೇ, ಹಾಡೋನೂ ಅವನೇ ಅಂದ್ಮೇಲೆ ಯಜಮಾನಿಕೆ ಇನ್ಯಾರದು?" ಅಂದ. ನನಗೆ ಉತ್ತರ ಹೊಳೆಯಲಿಲ್ಲ.

ಜಾನ್‌ನ ಯಜಮಾನಿಕೆಯಾದರೂ ಎಷ್ಟಿತ್ತು? ಹಾಡುಗಳ ಹಕ್ಕು ಆಗ ಫ್ಯಾಂಟಸಿಯದಾಗಿತ್ತು, ಅದರ ಒಡೆಯ ಸಾಲ್ ಜೇಂಟ್ಸ್. 1985ರಲ್ಲಿ ಜಾನ್ ಒಂಟಿಯಾಗಿ ಆಲ್ಬಮ್ ತಂದಾಗ ಅದರ ಒಂದು ಹಾಡು ತನ್ನ ಹಕ್ಕಿನಲ್ಲಿದ್ದ ಹಳೆಯ ಹಾಡಿನಂತಿದೆ ಎಂದು ಕಂಪನಿ ಕೋರ್ಟಿಗೆ ಹೋಯಿತು. ಎರಡನ್ನೂ ಬರೆದವನು ಜಾನ್! 1988ರಲ್ಲಿ ಅವನು ಗಿಟಾರು ಹಿಡಿದು ಕಟಕಟೆಗೇರಿ ತಾನು ಹಾಡು ಕಟ್ಟುವ ಬಗೆಯನ್ನು ನುಡಿಸಿ ತೋರಿಸಿದ. ಗೆದ್ದ. ವಕೀಲರ ಖರ್ಚಿನ ಜಗಳ ಸುಪ್ರೀಂ ಕೋರ್ಟಿನವರೆಗೆ ಹೋಗಿ 1994ರಲ್ಲಿ ಅಲ್ಲಿಯೂ ತೀರ್ಪು ಅವನ ಪರವಾಯಿತು.

ಈ ಹಗೆಯಲ್ಲಿ ಟಾಮ್ ನಿಂತದ್ದು ಜೇಂಟ್ಸ್ ಕಡೆ. 1990ರಲ್ಲಿ ತೀರಿಕೊಂಡ, ಅಣ್ಣತಮ್ಮಂದಿರ ಮನಸ್ಸು ಕೂಡಲೇ ಇಲ್ಲ. 1993ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ತಂಡವನ್ನು ಗೌರವಿಸಿದ ರಾತ್ರಿ ಡಗ್, ಸ್ಟು ಇಬ್ಬರನ್ನೂ ಬಿಟ್ಟು ಜಾನ್ ಬೇರೆಯವರೊಡನೆ ನುಡಿಸಿದ. ಟಾಮ್ ಬದುಕಿದ್ದಿದ್ದರೆ ಅವನನ್ನಾದರೂ ವೇದಿಕೆಗೆ ಕರೆಯುತ್ತಿದ್ದನೇ? ನನಗೆ ಅನುಮಾನ.