ಕೂಗು ಜೋರಾದಾಗ

"ಕೂತಲ್ಲೇ ತೂಕಡಸ್ತಿ, ಏನಾಗೇತಿ ನಿನಗ?" ಎಂದು ಅತ್ತೆಯವರು ಕೇಳಿದರೆ ನನ್ನಲ್ಲಿ ಉತ್ತರವಿರಲಿಲ್ಲ. ಕೃಷ್ಣೆಯ ದಂಡೆಯ ಊರಾದರೂ ನಮ್ಮ ಹಿಪ್ಪರಗಿ ಏಪ್ರಿಲ್‌ನಲ್ಲಿ ಕಾದ ಹಂಚು. ಅಂಥದರಲ್ಲಿ ನಾನು ಕೌದಿ ಹೊದ್ದು ಮಲಗುತ್ತಿದ್ದೆ. ನಾಲ್ಕು ರೊಟ್ಟಿ ಬಡಿಯುವಷ್ಟರಲ್ಲಿ ಕೈ ಸೋಲುತ್ತಿತ್ತು. ಬಾಚಣಿಗೆ ತುಂಬ ಕೂದಲು. ಉಣ್ಣುವುದು ಕಡಿಮೆಯಾದರೂ ಕುಪ್ಪಸ ಬಿಗಿ. ಮೈಗಳ್ಳತನವೆಂದು ಯಾರೂ ಬಾಯಿಬಿಟ್ಟು ಅನ್ನಲಿಲ್ಲ, ನಾನೇ ಅಂದುಕೊಂಡೆ.

ಜಮಖಂಡಿಗೆ ಹೋಗಿ ರಕ್ತ ಕೊಟ್ಟೆ. ಚೀಟಿಯಲ್ಲಿ ಟಿ.ಎಸ್.ಎಚ್. 18.6 ಎಂದಿತ್ತು, ಇರಬೇಕಾದದ್ದು 0.4ರಿಂದ 4.0. ನಾಲ್ಕಕ್ಷರ ಬಲ್ಲವಳೆಂಬ ಜಂಬ ನೋಡಿ, ಬಸ್ಸಿನಲ್ಲೇ ತೀರ್ಮಾನಿಸಿಬಿಟ್ಟೆ: ಸಕ್ಕರೆ ಏರುವಂತೆ ಇದೂ ಏರಿದೆ, ಊಟ ಬಿಟ್ಟರೆ ಇಳಿಯುತ್ತದೆ! ಎಂಟು ದಿನ ಅರೆಹೊಟ್ಟೆ ಉಂಡೆ, ಉಪ್ಪನ್ನೂ ಬಿಟ್ಟೆ. ಒಂಬತ್ತನೆಯ ದಿನ ಒಲೆಯ ಮುಂದೆ ತಲೆತಿರುಗಿ ಬಿದ್ದೆ.

ಡಾಕ್ಟರು ಚೀಟಿ ನೋಡಿ ನಕ್ಕರು. "ಇದು ಥೈರಾಯ್ಡಿನ ರಸ ಅಲ್ರೀ. ತಲಿಯೊಳಗಿನ ಪಿಟ್ಯುಟರಿ ಗ್ರಂಥಿ ಅದಕ್ಕ ಕೊಡೋ ಹುಕುಂ. ಸೊಸಿ ಕೈ ನಿಧಾನ ಆದ್ರ ಅತ್ತಿ ದನಿ ಏರಸ್ತಾಳಲ್ಲ, ಹಂಗ. ಕುತ್ತಿಗ್ಯಾಗಿನ ಗ್ರಂಥಿ ಸೋತೈತಿ, ಅದಕ್ಕ ಕೂಗು ಜೋರಾಗೇತಿ." ಅದೇ ಚೀಟಿಯಲ್ಲಿ ಟಿ-4 ಕಡಿಮೆಯಿದ್ದುದನ್ನೂ ತೋರಿಸಿದರು. ಅಯೋಡಿನ್ ಉಪ್ಪು ಬಿಡಬ್ಯಾಡ್ರಿ ಎಂದರು.

ದಿನಾ ನಸುಕಿನಲ್ಲಿ ಬರಿಹೊಟ್ಟೆಗೆ ನೀರಿನೊಡನೆ ಒಂದು ಗುಳಿಗೆ. ಅದಾಗಿ ಒಂದು ತಾಸಿನವರೆಗೆ ಚಹಾ ಇಲ್ಲ. ಆ ಒಂದು ತಾಸು ನನಗೆ ಏಕಾದಶಿಗಿಂತ ಕಠಿಣ! ಆರು ವಾರದ ಮೇಲೆ ಕೂಗು 3.1ಕ್ಕೆ ಇಳಿಯಿತು. ಚಳಿ ಹೋಯಿತು, ದಣಿವು ಮಾತ್ರ ಉಳಿಯಿತು. "ಲೆಕ್ಕ ಸರಿ ಆತಲ್ಲ, ಇನ್ನೇನು?" ಎಂದರು ಮನೆಯವರು. ಡಾಕ್ಟರು ಹಾಗೆನ್ನಲಿಲ್ಲ. ಮತ್ತೆ ರಕ್ತ ನೋಡಿದರು, ಹಿಮೋಗ್ಲೋಬಿನ್ 8.9. ಕಬ್ಬಿಣದ ಗುಳಿಗೆಯೂ ಬಂತು. ಎರಡೂ ಕೂಡಿದರೆ ಥೈರಾಯ್ಡಿನ ಗುಳಿಗೆ ಮೈಗೆ ಹತ್ತುವುದಿಲ್ಲವಂತೆ; ನಡುವೆ ನಾಲ್ಕು ತಾಸಿನ ಅಂತರ ಬೇಕು. ಎಲ್ಲ ದಣಿವಿಗೂ ಒಂದೇ ಹೆಸರಿಲ್ಲವೆಂದು ಆಗ ತಿಳಿಯಿತು.

ಕೊನೆಯ ವರ್ಷಗಳಲ್ಲಿ ನಮ್ಮವ್ವನ ದನಿ ಗೊಗ್ಗರಾಗಿತ್ತು, ಮುಖ ಬಾತಿತ್ತು. ಬೇಸಿಗೆಯಲ್ಲೂ ಸೆರಗು ಬಿಗಿಯಾಗಿ ಹೊದ್ದು ಕಟ್ಟೆಯ ಮೇಲೆ ಕೂಡುತ್ತಿದ್ದಳು. "ಅವ್ವ ಭಾಳ ಆಲಸಿ ಆಗ್ಯಾಳ" ಎಂದು ನಾವು ಮಕ್ಕಳೇ ನಗುತ್ತಿದ್ದೆವು. ಅವಳಿಗೆ ಏನಿತ್ತೆಂದು ಈಗ ಹೇಳುವವರಿಲ್ಲ. ಅವಳ ಒಂದು ಹನಿ ರಕ್ತವನ್ನೂ ಯಾರೂ ಪರೀಕ್ಷೆ ಮಾಡಿಸಲಿಲ್ಲ.

ಮೊನ್ನೆ ತಂಗಿ ಫೋನಿನಲ್ಲಿ, "ಯಾಕೋ ಆಲಸಿ ಆಗೇನಿ ಅಕ್ಕಾ" ಎಂದಳು.

"ಹಂಗ ಅನಬ್ಯಾಡವಾ. ಸೋಮವಾರ ಜಮಖಂಡಿಗೆ ಬಾ, ನಾನೂ ಬರ್ತೀನಿ" ಎಂದೆ.