ಕೊನೆಯ ಮಾತು

ಚೌಕಾಸಿಯನ್ನು ಜಿಪುಣತನದ ತಂಗಿ ಎಂದು ಬಗೆದವರು ಬಹಳ ಮಂದಿ. ಅವರಿಗೆ ಚೌಕಾಸಿಯೂ ಗೊತ್ತಿಲ್ಲ, ಜಿಪುಣತನವೂ ಗೊತ್ತಿಲ್ಲ. ಜಿಪುಣನಾದವನು ಅಂಗಡಿಯ ಮೆಟ್ಟಿಲನ್ನೇ ಹತ್ತುವುದಿಲ್ಲ. ಚೌಕಾಸಿ ಮಾಡುವವನಿಗಾದರೋ ಕೊಳ್ಳುವ ಆಸೆಯಿದೆ. ಮಾತನಾಡುವ ಆಸೆ ಅದಕ್ಕಿಂತ ಒಂದು ಗುಲಗಂಜಿ ತೂಕ ಹೆಚ್ಚಾಗಿಯೇ ಇದೆ. ದನದ ಜಾತ್ರೆಯಲ್ಲಿ ನೋಡಿ: ಒಂದು ಜೊತೆ ಎತ್ತಿಗಾಗಿ ಬೆಳಗಿನಿಂದ ಸಂಜೆಯವರೆಗೆ ಹಲ್ಲು ಎಣಿಸಿ, ಸುಳಿ ನೋಡಿ, ಎರಡು ಸಲ ಜಗಳವಾಡಿ, ಮೂರು ಸಲ ಎಲೆಯಡಿಕೆ ಹಾಕಿಕೊಂಡು, ಕೊನೆಗೆ ಟವಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಗೊತ್ತುಮಾಡಿಕೊಳ್ಳುತ್ತಾರೆ. ಕೊಂಡವನಿಗೂ ಕೊಟ್ಟವನಿಗೂ ಅಂದು ರಾತ್ರಿ ಒಳ್ಳೆಯ ನಿದ್ರೆ. ಬೆಲೆಯ ಚೀಟಿ ಅಂಟಿಸಿದ ಅಂಗಡಿಯಿಂದ ಬಂದವನಿಗೆ ಆ ನಿದ್ರೆ ಎಲ್ಲಿಯದು?

ಈ ವಿದ್ಯೆಯಲ್ಲಿ ನನ್ನ ಗುರು ನನ್ನ ತಾಯಿ. ಮೈಸೂರಿನ ದೇವರಾಜ ಮಾರ್ಕೆಟ್ಟಿನಲ್ಲಿ ಅವಳ ಸೆರಗು ಹಿಡಿದು ನಡೆದೇ ನಾನು ಲೆಕ್ಕ ಕಲಿತದ್ದು. ಬದನೆಕಾಯಿ ಬೇಕಾದರೆ ಅವಳು ಮೊದಲು ಕುಂಬಳಕಾಯಿಯ ಬೆಲೆ ಕೇಳುತ್ತಿದ್ದಳು. ಬೆಲೆ ಒಪ್ಪಿಗೆಯಾಗದಿದ್ದರೆ ಮಾತನ್ನು ಬೆಳೆಸದೆ ಮುಖ ತಿರುಗಿಸಿ ನಡೆಯುವುದು; ನಾಲ್ಕು ಹೆಜ್ಜೆ. ಐದನೆಯ ಹೆಜ್ಜೆಗೆ ಹಿಂದಿನಿಂದ “ಬನ್ನಿ ತಾಯಿ” ಎಂದು ಕೇಳಿಸಿಯೇ ತೀರಬೇಕು. ಕೇಳಿಸದಿದ್ದರೆ ಅವನು ಹೇಳಿದ ಬೆಲೆಯೇ ನಿಜವಾದ ಬೆಲೆ ಎಂದು ಅವಳ ಸಿದ್ಧಾಂತ. ಆದರೆ ಇದಕ್ಕೆಲ್ಲ ಮೇಲೆ ಇನ್ನೊಂದು ಕಟ್ಟಳೆಯಿತ್ತು: “ಗಾದಿ ಮೇಲೆ ಕೂತೋನ ಹತ್ರ ಎಷ್ಟು ಬೇಕಾದರೂ ಜಗ್ಗು. ನೆಲದ ಮೇಲೆ ಕೂತೋಳ ಹತ್ರ ಒಂದು ಸಲ ಕೇಳು. ಕೊಡದಿದ್ರೆ ಕೇಳಿದಷ್ಟು ಕೊಟ್ಟು ಬಾ.” ಜವಳಿ ಅಂಗಡಿಯಲ್ಲಿ ಕಣಕ್ಕಾಗಿ ಗಂಟೆಗಟ್ಟಲೆ ಹೋರಾಡಿದ ಅದೇ ಅಮ್ಮ, ಸಂಜೆಯ ಹೊತ್ತು ಸೊಪ್ಪಿನವಳ ಮುಂದೆ ತುಟಿ ಬಿಚ್ಚುತ್ತಿರಲಿಲ್ಲ.

ಕಾರಿನ ವ್ಯಾಪಾರದಲ್ಲಿ ಈ ವಿದ್ಯೆಗೆ ಬಹುಕಾಲ ಎಡೆಯೇ ಇರಲಿಲ್ಲ. ನನ್ನ ಸೋದರಮಾವ ಫಿಯೆಟ್ಟಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾದವರು. ಅಂಬಾಸಡರ್, ಫಿಯೆಟ್, ಸ್ಟ್ಯಾಂಡರ್ಡ್, ಈ ಮೂರೇ ದೇವರು. ಸರದಿ ಬಂದಾಗ ಯಾವ ಬಣ್ಣ ಸಿಕ್ಕಿತೋ ಅದೇ ಪ್ರಸಾದ. ಕಾರು ಹಂಚುವುದಕ್ಕೆಂದೇ 1959ರಲ್ಲಿ ಸರ್ಕಾರ ಒಂದು ನಿಯಂತ್ರಣ ಆಜ್ಞೆ ಹೊರಡಿಸಿತ್ತೆಂದ ಮೇಲೆ ಕೊಳ್ಳುವವನು ಚೌಕಾಸಿ ಮಾಡುವುದು ಯಾರ ಹತ್ತಿರ? ಹೊಸ ಕಾರಿಗಿಂತ ಅದನ್ನು ಕೈ ಬದಲಾಯಿಸುವವನ ಬೆಲೆಯೇ ಹೆಚ್ಚಾಗಿದ್ದ ಕಾಲ ಅದು. 1983ರ ಡಿಸೆಂಬರಿನಲ್ಲಿ ಮೊದಲ ಮಾರುತಿ 800 ಹೊರಬಂದಾಗ ಬೆಲೆ 47,500 ರೂಪಾಯಿ, ಅದಕ್ಕೂ ಸಾಲು. 1993ರಲ್ಲಿ ಕಾರು ತಯಾರಿಕೆಗೆ ಲೈಸೆನ್ಸಿನ ಕಟ್ಟು ಸಡಿಲಿ, ನಾಲ್ಕಾರು ಕಂಪೆನಿಗಳು ಬಂದು, ಕಾರು ಗಿರಾಕಿಗಾಗಿ ಕಾಯುವಂತಾದ ಮೇಲೆಯೇ ಈ ಅಂಗಡಿಗಳಲ್ಲಿ ಚೌಕಾಸಿ ಹುಟ್ಟಿದ್ದು. ದನದ ಜಾತ್ರೆಯ ಪಕ್ಕದಲ್ಲಿ ನಿಲ್ಲಿಸಿದರೆ ಇನ್ನೂ ಹಾಲುಹಲ್ಲಿನ ವಿದ್ಯೆ.

ನಾನು ಈ ಅಂಗಡಿಯ ಮೆಟ್ಟಿಲು ಹತ್ತಿದ್ದು 2024ರ ಡಿಸೆಂಬರಿನಲ್ಲಿ, ಅಮ್ಮನ ಸೊಂಟದ ದೆಸೆಯಿಂದ. ಎಂಬತ್ತೆರಡನೆಯ ವಯಸ್ಸಿನಲ್ಲಿ ಬಿದ್ದು, ಮೂಳೆ ಮುರಿದು, ಶಸ್ತ್ರಚಿಕಿತ್ಸೆಯಾಗಿ, ವಾಕರ್ ಹಿಡಿದು ನಡೆಯುವಂತಾಗಿದ್ದಳು. ತಗ್ಗಿದ ಆಸನದಲ್ಲಿ ಕೂರಿಸಬೇಡಿ, ಮಂಡಿಗಿಂತ ಸೊಂಟ ಕೆಳಗಾಗಬಾರದು ಎಂದು ಡಾಕ್ಟರು ಹೇಳಿದ್ದರು. ನಮ್ಮ ಹಳೆಯ ಕಾರಿನ ಆಸನವೋ ಬಾವಿ ಇದ್ದಂತೆ. ಆಟೋ ಆಗದ ಮಾತು. ವಾರಕ್ಕೆರಡು ಬಾರಿ ವ್ಯಾಯಾಮಕ್ಕೆ ಆಸ್ಪತ್ರೆಗೆ ಹೋಗಿಬರಬೇಕು. ಎತ್ತರದ ಆಸನದ ಒಂದು ಚಿಕ್ಕ ಕಾರು ಬೇಕೇ ಬೇಕಾಯಿತು. ನಿವೃತ್ತನ ಗಂಟು ಎಷ್ಟಿರುತ್ತದೆಂಬುದು ನಿಮಗೆ ಗೊತ್ತೇ ಇದೆ. 8,70,000 ಎಂದು ಗೆರೆ ಹಾಕಿಕೊಂಡೆ. ಗೆರೆಯಾಚೆ ಹೋದ ಒಂದೊಂದು ಸಾವಿರವೂ ಅವಳನ್ನು ನೋಡಿಕೊಳ್ಳಲು ಬರುವ ಹೆಣ್ಣುಮಗಳ ಸಂಬಳದಿಂದ ಹೋಗಬೇಕು. ಹಾಗಾಗಿ ಈ ಸಲದ ಚೌಕಾಸಿ ಬರಿಯ ಬಾಯಿಚಪಲದ್ದಲ್ಲ.

ಹುಣಸೂರು ರಸ್ತೆಯ ಆ ಅಂಗಡಿ ಮದುವೆಯ ಛತ್ರದಂತೆ ಥಳಥಳಿಸುತ್ತಿತ್ತು. ಇಸ್ತ್ರಿಯ ಅಂಗಿ ತೊಟ್ಟ ಇಪ್ಪತ್ತೈದರ ಒಬ್ಬ ಹುಡುಗ ಓಡಿಬಂದು ಕಾಫಿ ಕೊಟ್ಟ, ನೀರು ಕೊಟ್ಟ, ಕೊನೆಗೆ ಒಂದು ಕಾಗದ ಕೊಟ್ಟ. ಆ ಕಾಗದವೇ ಕಾಳಗದ ಅಂಗಳ. ಮಾರ್ಕೆಟ್ಟಿನಲ್ಲಿ ಬೆಲೆ ಎಂದರೆ ಒಂದು ಸಂಖ್ಯೆ. ಅದನ್ನು ಹಿಡಿದು ಜಗ್ಗಬಹುದು. ಇಲ್ಲಿ ಬೆಲೆಗೆ ಏಳು ಹೆಸರು, ಏಳು ಸಾಲು. ಒಂದನ್ನು ಜಗ್ಗಿದರೆ ಇನ್ನೊಂದು ಉಬ್ಬುತ್ತದೆ. ಕಾರಿನ ಬೆಲೆ 7,40,000. ಜೀವಿತಾವಧಿ ತೆರಿಗೆ ಸೆಸ್ಸೂ ಸೇರಿ 1,15,000. ನಮ್ಮ ರಾಜ್ಯದಲ್ಲಿ 5ರಿಂದ 10 ಲಕ್ಷದೊಳಗಿನ ಪೆಟ್ರೋಲ್ ಕಾರಿಗೆ ತೆರಿಗೆಯೇ ನೂರಕ್ಕೆ 14. (ಯಾರ ಜೀವಿತಾವಧಿ ಎಂದು ನಾನು ಕೇಳಲಿಲ್ಲ.) ವಿಮೆ 46,000. ಅಲಂಕಾರದ ಕಿಟ್ಟು 24,000. ಹೆಚ್ಚುವರಿ ವಾರಂಟಿ 14,500. ಹ್ಯಾಂಡ್ಲಿಂಗ್ ಚಾರ್ಜು 9,500. ಟೋಲಿನ ಫಾಸ್ಟ್ಯಾಗು ಮುಂತಾದ ಚಿಲ್ಲರೆ 1,000. ಒಟ್ಟು 9,50,000. “ವರ್ಷದ ಕೊನೆ ಅಂತ 15,000 ಬಿಡ್ತೀವಿ ಸಾರ್” ಎಂದು ಹುಡುಗ ಕರ್ಣನ ಮುಖಮಾಡಿ ಹೇಳಿದ. ಸಾಲ ಎಷ್ಟು ಬೇಕು ಎಂದು ಕೇಳಿದ. ಸಾಲ ಬೇಡ, ಚೆಕ್ಕು ಕೊಡುತ್ತೇನೆ ಎಂದಾಗ ಆ ಮುಖ ಸ್ವಲ್ಪ ಬಾಡಿತು. ನಗದಿಗೆ ಮರ್ಯಾದೆ ಹೆಚ್ಚು ಎಂದುಕೊಂಡಿರುವವರು ಗಮನಿಸಬೇಕು: ಸಾಲ ಕೊಡಿಸಿದರೆ ಬ್ಯಾಂಕಿನಿಂದ ಅಂಗಡಿಗೆ ಕಮಿಷನ್ ಬರುತ್ತದೆ, ಚೆಕ್ಕಿನಿಂದ ಏನೂ ಬರುವುದಿಲ್ಲ.

ಕಾಗದವನ್ನು ಮನೆಗೆ ತಂದು ಎರಡು ರಾತ್ರಿ ಪಾರಾಯಣ ಮಾಡಿದೆ. ಏಳು ಸಾಲುಗಳಲ್ಲಿ ಸರ್ಕಾರದ್ದು ಯಾವುದು, ಅಂಗಡಿಯದು ಯಾವುದು ಎಂದು ಗೆರೆ ಎಳೆದರೆ ಅರ್ಧ ಕೆಲಸ ಮುಗಿಯಿತು. ತೆರಿಗೆಯಲ್ಲಿ ಚೌಕಾಸಿಯಿಲ್ಲ. ವಿಮೆಯಲ್ಲಿ ಎರಡು ಭಾಗ. ಮೂರನೆಯವರಿಗೆ ಆಗುವ ಹಾನಿಯ ವಿಮೆಯನ್ನು 2018ರ ಸೆಪ್ಟೆಂಬರಿನಿಂದ ಹೊಸ ಕಾರಿಗೆ ಮೂರು ವರ್ಷಕ್ಕೆ ಒಟ್ಟಿಗೇ ಕಟ್ಟಬೇಕು; ಅದರ ದರ ಸರ್ಕಾರ ಗೊತ್ತುಮಾಡಿದ್ದು, ಎಲ್ಲಿ ಕೊಂಡರೂ ಒಂದೇ. ನಮ್ಮ ಕಾರಿನ ಹಾನಿಯದು ಮಾತ್ರ ಕಂಪೆನಿಯಿಂದ ಕಂಪೆನಿಗೆ ಬೇರೆ, ಮತ್ತು ಅದನ್ನು ಅಂಗಡಿಯವನಿಂದಲೇ ಕೊಳ್ಳಬೇಕೆಂಬ ಕಾಯಿದೆ ಎಲ್ಲಿಯೂ ಇಲ್ಲ. ಹೊರಗೆ ವಿಚಾರಿಸಿದರೆ ಅದೇ ವಿಮೆ, ಅವವೇ ಕಲಮುಗಳು, 29,000. ವಾರಂಟಿಯ ಸಾಲಿನಲ್ಲಿ ಅವಸರವಿಲ್ಲ. ಮೂಲ ವಾರಂಟಿ ಮುಗಿಯುವ ಮುನ್ನ ಬೇಕಾದರೆ ಕೊಳ್ಳಬಹುದು. ಇನ್ನು ಹ್ಯಾಂಡ್ಲಿಂಗ್ ಎಂದರೆ ಗೋದಾಮಿನಿಂದ ಅಂಗಡಿಗೆ ಕಾರನ್ನು ತಂದ ಕೂಲಿಯಂತೆ. ಎತ್ತು ಕೊಂಡವನಿಂದ ಎತ್ತು ಜಾತ್ರೆಗೆ ನಡೆದು ಬಂದ ಕೂಲಿಯನ್ನೂ ಕೇಳಿದ ರೈತ ನಮ್ಮ ನಾಡಿನಲ್ಲಿ ಇನ್ನೂ ಹುಟ್ಟಿಲ್ಲ.

ಎತ್ತಿನ ಹಲ್ಲು ಎಣಿಸುವಂತೆ ಕಾರಿನದನ್ನೂ ಎಣಿಸಬಹುದು. ಚಾಸಿಯ ನಂಬರಿನಲ್ಲಿ ಅದು ಹುಟ್ಟಿದ ವರ್ಷ, ತಿಂಗಳು ಅಡಗಿರುತ್ತದೆ. ನಮಗೆಂದು ತೋರಿಸಿದ ಕಾರು ಜುಲೈ ತಿಂಗಳ ಕೂಸು. ಐದು ತಿಂಗಳಿಂದ ಬಿಸಿಲಿನಲ್ಲಿ ನಿಂತಿತ್ತು. ಜನವರಿ ಒಂದನೆಯ ತಾರೀಖು ಬಂತೋ, ಅದು ‘ಹೋದ ವರ್ಷದ ಕಾರು’ ಆಗಿಬಿಡುತ್ತದೆ. ಒಂದೇ ರಾತ್ರಿಯಲ್ಲಿ ಮುದಿಯಾಗುವ ಪ್ರಾಣಿ ಲೋಕದಲ್ಲಿ ಇದೊಂದೇ ಇರಬೇಕು. ಅದಕ್ಕೇ ಡಿಸೆಂಬರಿನ ಕೊನೆಯ ವಾರ ಅಂಗಡಿಯವರಿಗೆ ಆತುರ. ತಿಂಗಳ ಲೆಕ್ಕ ಮುಟ್ಟಿಸಬೇಕಾದ ಆತುರ ಬೇರೆ. ಹತ್ತಿರದ ಇನ್ನೊಂದು ಊರಿನಲ್ಲಿ ಅದೇ ಕಂಪೆನಿಯ ಇನ್ನೊಬ್ಬ ವ್ಯಾಪಾರಿಯಿಂದ ಬರವಣಿಗೆಯಲ್ಲಿ ಬೆಲೆ ತರಿಸಿದೆ. ಅವನು 25,000 ಬಿಡಲು ಒಪ್ಪಿದ್ದ.

ಎರಡನೆಯ ಸಲ ಅಮ್ಮನನ್ನೂ ಕರೆದುಕೊಂಡು ಹೋದೆ. ಕೂತು ನೋಡಬೇಕಾದವಳು ಅವಳೇ ಅಲ್ಲವೆ? ಹುಡುಗ ಬಾಗಿಲು ತೆರೆದು ಹಿಡಿದ. ಅವಳು ನಿಧಾನವಾಗಿ ತಿರುಗಿ ಕುಳಿತಳು. ಪಾದ ನೆಲ ಮುಟ್ಟುತ್ತಿತ್ತು, ಸೊಂಟ ಮಂಡಿಗಿಂತ ಮೇಲಿತ್ತು. ಅವಳ ಮುಖ ನೋಡಿಯೇ ಈ ಕಾರು ಇಲ್ಲಿಂದ ನಮ್ಮ ಮನೆಗೆ ಬರುತ್ತದೆಂದು ನನಗೆ ಗೊತ್ತಾಯಿತು. ಅವಳು ಹೇಳಿದ್ದು ಮಾತ್ರ ಬೇರೆ: “ಬಾಗಿಲು ಸ್ವಲ್ಪ ಬಿಗಿ. ಆ ಬಿಳೀದೆಷ್ಟಪ್ಪ?” ಬಿಳಿಯದು ಹದಿನೆಂಟು ಲಕ್ಷದ ಕಾರು. ಕುಂಬಳಕಾಯಿ!

ಮಾತು ಮೊದಲಾಯಿತು. ಹುಡುಗ ಮೂರು ಸಲ “ಮೇನೇಜರನ್ನ ಕೇಳಿ ಬರ್ತೀನಿ ಸಾರ್” ಎಂದು ಎದ್ದುಹೋದ. ಗಾಜಿನ ಕೋಣೆಯಲ್ಲಿ ಇಬ್ಬರ ತುಟಿಯೂ ಅಲ್ಲಾಡುವುದು ಕಾಣಿಸುತ್ತಿತ್ತು, ಏನೂ ಕೇಳಿಸುತ್ತಿರಲಿಲ್ಲ. ಆ ಗಾಜೇ ಈ ಜಾತ್ರೆಯ ಟವಲು. ಮೂರನೆಯ ಸಲ ಬಂದವನು ತಗ್ಗಿದ ದನಿಯಲ್ಲಿ, “ಸಾರ್, ಇನ್ನು ಬಿಟ್ರೆ ನನ್ನ ಇನ್ಸೆಂಟಿವ್‌ನಲ್ಲೇ ಕಟ್ ಆಗುತ್ತೆ” ಎಂದ.

ಇದು ನಿಜವೋ, ಅವನಿಗೆ ಕಲಿಸಿಕೊಟ್ಟ ಪಾಠವೋ? ಮಾರುವವರ ಬಾಯಿಂದ ಈ ಮಾತು ಕೇಳಿದವರಿಗೆಲ್ಲ ಈ ಅನುಮಾನ ಬಂದೇ ಬರುತ್ತದೆ. ನಾನು ಬಾಯಿ ತೆರೆಯುವುದರೊಳಗೆ ಅಮ್ಮ ಕೇಳಿದಳು: “ಯಾವೂರಪ್ಪ ನಿಂದು?”

“ಹೆಗ್ಗಡದೇವನಕೋಟೆ ಹತ್ರ, ಅಜ್ಜಿ.”

“ತಿಂಗಳಿಗೆ ಎಷ್ಟು ಕಾರು ಮಾರಬೇಕು?”

“ಐದು, ಅಜ್ಜಿ. ಈ ತಿಂಗಳು ಮೂರಾಗಿದೆ.”

ಅಮ್ಮ ನನ್ನ ಕಡೆ ತಿರುಗಿ, “ಇವನು ನೆಲದ ಮೇಲೆ ಕೂತೋನು ಕಣೋ” ಎಂದಳು. ಹುಡುಗನಿಗೆ ಅರ್ಥವಾಗಲಿಲ್ಲ, ತಾನು ಕೂತಿದ್ದ ಕುರ್ಚಿಯನ್ನು ಒಮ್ಮೆ ನೋಡಿಕೊಂಡ. “ಗಾದಿ ಆ ಗಾಜಿನ ಹಿಂದೆ ಐತೆ. ಅಲ್ಲಿಗೆ ನಡಿ.”

ದೊಡ್ಡ ಅಂಗಡಿಗಳ ಚಾತುರ್ಯವೆಲ್ಲ ಇರುವುದು ಇಲ್ಲಿಯೇ ಎಂದು ನನಗೆ ತೋರುತ್ತದೆ. ನಮ್ಮ ಎದುರಿಗೆ ಕೂರಿಸುವುದು, ಬಿಡುವುದಕ್ಕೆ ಅಧಿಕಾರವಿಲ್ಲದವನನ್ನು. ಕಳೆದುಕೊಳ್ಳುವುದಕ್ಕೆ ಮಾತ್ರ ಅವನಿಗೆ ಅವಕಾಶವುಂಟು. ನಾವು ಅವನನ್ನು ಜಗ್ಗುತ್ತೇವೆ. ಅವನು ದಣಿಯುತ್ತಾನೆ, ನಾವೂ ದಣಿಯುತ್ತೇವೆ, ಗಾದಿಯವನು ತಣ್ಣಗಿರುತ್ತಾನೆ.

ಗಾಜಿನ ಕೋಣೆಯಲ್ಲಿ ನಾನು ಕಾಗದವನ್ನು ಮೇಜಿನ ಮೇಲೆ ಹರಡಿದೆ. ಹುಡುಗನ ಹೆಸರಿನಲ್ಲಿರುವುದು ಒಂದೂ ಬೇಡ. ಅಂಗಡಿಯ ಹೆಸರಿನಲ್ಲಿರುವ ನಾಲ್ಕು ಸಾಲು ಮಾತ್ರ ಮಾತನಾಡೋಣ ಎಂದೆ. ವಿಮೆ ಹೊರಗಿನದು. ಕಿಟ್ಟು ಬೇಡ, ಕಾಲೊರಸಿನ ಚಾಪೆಗೆ 3,000 ಇರಲಿ. ವಾರಂಟಿ ಈಗ ಬೇಡ. ಹ್ಯಾಂಡ್ಲಿಂಗ್ ಹೋಗಬೇಕು. ಮೇನೇಜರು ಗಂಭೀರವಾಗಿ, “ಎಲ್ಲರೂ ಕೊಡ್ತಾರೆ ಸಾರ್” ಎಂದರು. ಯಾವ ಕಾಯಿದೆಯ ಪ್ರಕಾರ ಎಂದು ರಸೀತಿಯಲ್ಲಿ ಬರೆದುಕೊಡಿ, ಸಂತೋಷವಾಗಿ ಕೊಡುತ್ತೇನೆ ಎಂದೆ. ಆ ಸಾಲಿನ ಮೇಲೆ ಅವರ ಪೆನ್ನು ಹರಿಯಿತು. ವಿಮೆಯ ಸಾಲಿಗೆ ಮಾತ್ರ ಬಹಳ ಹೊತ್ತು ಹಿಡಿಯಿತು. ಹೊರಗಿನ ವಿಮೆಯಾದರೆ ರಿಪೇರಿಯ ಸಮಯದಲ್ಲಿ ಎಷ್ಟು ಸಂಕಟವೆಂಬುದನ್ನು ಅವರು ಹರಿಕಥೆಯಂತೆ ವರ್ಣಿಸಿದರು. ಅವರ ನಿಜವಾದ ಲಾಭ ಎಲ್ಲಿದೆಯೆಂಬುದು ಆ ವರ್ಣನೆಯ ಉದ್ದದಿಂದಲೇ ತಿಳಿಯುತ್ತಿತ್ತು. ಕೊನೆಗೆ ಪಕ್ಕದೂರಿನ ಕಾಗದ ತೋರಿಸಿ 25,000 ಕೇಳಿದೆ. ಅವರು 18,000ಕ್ಕೆ ನಿಂತರು. ಅಲ್ಲಾಡಲಿಲ್ಲ.

ಆಗ ಅಮ್ಮ, “ಸರಿ, ಏಳು, ಹೊರಡೋಣ” ಎಂದಳು.

ನಾಲ್ಕು ಹೆಜ್ಜೆ! ಆದರೆ ಇದು ದೇವರಾಜ ಮಾರ್ಕೆಟ್ಟಿನ ಅಮ್ಮನ ಹೆಜ್ಜೆಯಲ್ಲ. ಮೊದಲು ವಾಕರನ್ನು ಹತ್ತಿರಕ್ಕೆ ಎಳೆದುಕೊಳ್ಳಬೇಕು. ಕುರ್ಚಿಯ ತುದಿಗೆ ಸರಿಯಬೇಕು. ಒಂದು ಕಾಲು ಮುಂದಿಟ್ಟು, ಕೈಯೂರಿ, ಉಸಿರು ಕಟ್ಟಿ ಏಳಬೇಕು. ಎದ್ದು ಒಂದು ಗಳಿಗೆ ನಿಲ್ಲಬೇಕು. ಹುಡುಗ ಹೊರಗಿನಿಂದ ಓಡಿಬಂದು ತೋಳು ಹಿಡಿದ. ವಾಕರಿನ ಟಕ್ ಟಕ್ ಶಬ್ದ ಆ ನಯವಾದ ನೆಲದ ಮೇಲೆ ಒಂದೊಂದಾಗಿ ಬೀಳುತ್ತಿತ್ತು. ಮೊದಲನೆಯದು. ಎರಡನೆಯದು. ಮೇನೇಜರು ಕನ್ನಡಕ ತೆಗೆದರು. ಮೂರನೆಯದು. ಅವಳು ನಿಜವಾಗಿಯೂ ಮನೆಗೆ ಹೊರಟಿದ್ದಳೋ, ಹಳೆಯ ಆಟವನ್ನು ಆಡುತ್ತಿದ್ದಳೋ, ಹಿಂದೆ ನಡೆಯುತ್ತಿದ್ದ ನನಗೂ ಹೇಳಲು ಬಾರದು. ಅವಳ ಕತ್ತು ಬೆವರಿತ್ತು.

“ಬನ್ನಿ ಅಮ್ಮಾ, ಬನ್ನಿ, ಕೂತ್ಕೊಳಿ” ಎಂಬ ದನಿ ನಾಲ್ಕನೆಯ ಹೆಜ್ಜೆಗೇ ಬಂತು.

ಒಟ್ಟು 8,63,000ಕ್ಕೆ ಮುಗಿಯಿತು. ಲೆಕ್ಕ ಹಾಕಿದರೆ, ಚೌಕಾಸಿಯಿಂದ ಇಳಿದ ಬೆಲೆ 25,000. ಮಿಕ್ಕ 62,000 ಕಾಗದವನ್ನು ಓದಿದ್ದರ ಫಲ. ಹಣ ಕಟ್ಟುವ ಮುನ್ನ ಅಮ್ಮ ಮೇನೇಜರಿಗೆ ಇನ್ನೊಂದು ಷರತ್ತು ಹಾಕಿದಳು: “ಈ ಹುಡುಗನ ಲೆಕ್ಕಕ್ಕೆ ಬರೀಬೇಕು. ಅವನದ್ದೇನೂ ಕಡೀಬಾರದು.” ಅವರು ನಕ್ಕು ತಲೆಯಾಡಿಸಿದರು. ಬರವಣಿಗೆಯಲ್ಲಿ ಏನೂ ಇಲ್ಲ.

ಕಾರು ಕೊಡುವ ದಿನ ರಿಬ್ಬನ್ನು, ತೆಂಗಿನಕಾಯಿ, ಫೋಟೋ ಎಲ್ಲ ಸಾಂಗವಾಯಿತು. ಹುಡುಗ ನನ್ನನ್ನು ಪಕ್ಕಕ್ಕೆ ಕರೆದು, “ಕಂಪೆನಿಯಿಂದ ಫೋನ್ ಬರುತ್ತೆ ಸಾರ್, ಹತ್ತಕ್ಕೆ ಎಷ್ಟು ಅಂತ ಕೇಳ್ತಾರೆ, ಹತ್ತೇ ಕೊಡಿ; ಒಂಬತ್ತು ಕೊಟ್ರೆ ನಮಗೆ ಸೊನ್ನೆ ಇದ್ದ ಹಾಗೆ” ಎಂದ. ಫೋನು ಬಂತು. ಅಮ್ಮ ಪಕ್ಕದಲ್ಲೇ ಕೂತು ಕಾವಲಿದ್ದಳು. ಬಾಗಿಲು ಬಿಗಿ ಎಂಬ ಮಾತನ್ನು ಎತ್ತಗೊಡಲಿಲ್ಲ.

ಒಂಬತ್ತು ತಿಂಗಳಾಯಿತು. 2025ರ ಸೆಪ್ಟೆಂಬರ್ 22ರಿಂದ ಸರ್ಕಾರ ಚಿಕ್ಕ ಕಾರುಗಳ ಜಿಎಸ್‌ಟಿಯನ್ನು ಸೆಸ್ಸೂ ಸೇರಿ ನೂರಕ್ಕೆ 29 ಇದ್ದದ್ದನ್ನು 18ಕ್ಕೆ ಇಳಿಸಿತು. ಪತ್ರಿಕೆಯನ್ನು ಅಮ್ಮನಿಗೆ ಓದಿ ಹೇಳಿ, ಅಂಚಿನಲ್ಲಿ ಗುಣಿಸಿ ನೋಡಿದೆ. ನಮ್ಮ ಕಾರಿನ ಮೇಲೆಯೇ ಹತ್ತಿರ ಹತ್ತಿರ 63,000! ಒಂದು ಹೆಜ್ಜೆ ನಡೆಯದೆ, ಒಂದು ಕಾಗದ ಹರಡದೆ.

“ಅವರ ಹತ್ರ ಯಾರೋ ಚೌಕಾಸಿ ಮಾಡಿದ್ದು?” ಎಂದು ಅಮ್ಮ ಕೇಳಿದಳು. ಸ್ವಲ್ಪ ಹೊತ್ತು ಬಿಟ್ಟು, “ಹಾಗಾದ್ರೆ ಆ ಕೋಟೆ ಹುಡುಗನಿಗೆ ಈ ತಿಂಗಳು ಐದೂ ಆಗಿರಬೇಕು” ಎಂದಳು.