ಚಳೀಲಿ ಸೈಕಲ್ಲು

ಧನುರ್ಮಾಸದ ಚಳಿ ನಮ್ಮ ಕೋಲಾರ ಕಡೆ ಜೋರಾಗೈತೆ. ಆರು ಗಂಟೆಗೆ ಡೇರಿಗೆ ಹಾಲು ಹಾಕಬೇಕು, ಮೂರು ಕಿಲೋಮೀಟರ್ ದಾರಿ. ಮಗ ಬೈಕಲ್ಲಿ ಹಾಕಿ ಬರ್ತೀನಿ ಅಂತಾನೆ. ನಾನೇ ಬೇಡ ಅಂದಿದೀನಿ. ನಾಲ್ಕು ದಿನ ತುಳಿಯೋದು ಬಿಟ್ಟರೆ ನನ್ನ ಮಂಡಿ ಹಿಡಕೊಳ್ಳುತ್ತೆ, ಆಮೇಲೆ ಹೊಲದ ಕೆಲಸಕ್ಕೂ ಬಗ್ಗಲ್ಲ.

ಚಳಿಗಿಂತ ಎದುರುಗಾಳಿ ಕಷ್ಟ. ಕಿವಿಗೆ ಮಫ್ಲರ್, ಅಂಗಿಯೊಳಗೆ ಎದೆಗೆ ಹಳೇ ಪೇಪರ್ ಇಟ್ಕೊಳ್ಳಿ, ಗಾಳಿ ತಡೆಯುತ್ತೆ. ಹೊರಡುವಾಗ ಕೊಂಚ ಚಳಿ ಅನ್ನಿಸಬೇಕು. ಜಾಸ್ತಿ ಸುತ್ತಿಕೊಂಡರೆ ದಾರೀಲಿ ಬೆವರ್ತೀರಿ. ಡೇರಿ ಸಾಲಲ್ಲಿ ನಿಂತಾಗ ಆ ಬೆವರೇ ತಣ್ಣಗಾಗಿ ನಡುಗಿಸುತ್ತೆ. ಇಬ್ಬನಿಗೆ ರಿಮ್ಮು ಒದ್ದೆಯಾಗಿದ್ರೆ ಬ್ರೇಕು ಬೇಗ ಹಿಡಿಯಲ್ಲ, ಕ್ಯಾನು ತುಂಬಿರುವಾಗ ಇಳಿಜಾರಲ್ಲಿ ಹುಷಾರು. ಮಂಜಿದ್ರೆ ಹಿಂದೆ ಕೆಂಪು ರಿಫ್ಲೆಕ್ಟರ್ ಇರಲೇಬೇಕು.

ಒಂದು ವಾರ ತಡ್ಕೊಳ್ಳಿ, ಮೈ ಒಗ್ಗುತ್ತೆ. ನನಗೀಗ ಕೆರೆ ಏರಿ ದಾಟೋದ್ರೊಳಗೆ ಬೆರಳು ಬೆಚ್ಚಗಾಗುತ್ವೆ.